ಐದನೇ ವಾಲ್ವ್

"ಉಪ್ಪು ಈ ಕಡೆ ಕೊಡು ಅಂತ ನಿಮ್ಮತ್ತೆಗೆ ಹೇಳು," ಎಂದ ಅಜ್ಜ.

ಉಪ್ಪಿನ ಡಬ್ಬಿ ಅತ್ತೆಯ ಮೊಣಕೈ ಪಕ್ಕದಲ್ಲೇ ಇತ್ತು. ಅತ್ತೆ ಅಜ್ಜನ ಎದುರಿಗೇ ಕೂತಿದ್ದಳು. ಇಬ್ಬರ ನಡುವೆ ಇದ್ದದ್ದು ಒಂದು ಎಂಜಿನ್ ಮಾತ್ರ.

ಮೊಮ್ಮಗಳು ಸೂಜಿ ಚಮಚ ಕೆಳಗಿಟ್ಟಳು. "ಅತ್ತೆ, ಅಜ್ಜನಿಗೆ ಉಪ್ಪು ಬೇಕಂತೆ."

"ಬರೀ ಉಪ್ಪು ಸಾಕಾ, ಸ್ವಲ್ಪ ಬುದ್ಧಿನೂ ಬೇಕಾ, ಕೇಳು."

"ಅಜ್ಜ, ಬರೀ ಉಪ್ಪು ಸಾಕಾ ಅಂತ ಅತ್ತೆ ಕೇಳ್ತಿದಾರೆ." ಬುದ್ಧಿಯ ಮಾತನ್ನು ಸೂಜಿ ದಾರಿಯಲ್ಲೇ ಬಿಟ್ಟಳು.

"ಕೇಳಿಸ್ತು ನಂಗೆ," ಎಂದ ಅಜ್ಜ. "ನನ್ನ ಕಿವಿ ಚೆನ್ನಾಗೇ ಇದೆ ಅಂತ ಹೇಳು."

ಮೂರು ದಿನದಿಂದ ಹೀಗೇ ನಡೆದಿತ್ತು. ಅಜ್ಜ, ಅತ್ತೆ ಮಾತು ಬಿಟ್ಟಿದ್ದರು. ಆದರೆ ಇಬ್ಬರಿಗೂ ಒಬ್ಬರಿಗೊಬ್ಬರು ಹೇಳುವುದು ಬೇಕಾದಷ್ಟಿತ್ತು. ಹಾಗಾಗಿ ಸೂಜಿಗೆ ನೆಮ್ಮದಿಯಾಗಿ ಒಂದು ತುತ್ತು ತಿನ್ನಲೂ ಆಗುತ್ತಿರಲಿಲ್ಲ.

ಸೂಜಿ ಐದನೇ ಕ್ಲಾಸು. ನಿಜವಾದ ಹೆಸರು ಬೇರೆ ಇತ್ತು, ಅದು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಓಡಾಡಿಕೊಂಡಿತ್ತು. ಅವಳ ಕೈ ಎಷ್ಟು ಸಪೂರವೆಂದರೆ, ಎಂಜಿನ್ ಸಂದಿಗೆ ಬಿದ್ದ ನಟ್ಟನ್ನು ಮನೆಯಲ್ಲಿ ಅವಳೊಬ್ಬಳೇ ತೆಗೆಯಬಲ್ಲವಳು. ಅದಕ್ಕೇ ಅಜ್ಜ ಆ ಹೆಸರಿಟ್ಟಿದ್ದ.

ಎಂಜಿನ್ ಅಜ್ಜನ ಕಾರಿನದು. ಕಾರು ಹಿತ್ತಲಿನ ಶೆಡ್ಡಿನಲ್ಲಿತ್ತು. "ಶೆಡ್ಡಲ್ಲಿ ಬೆಳಕು ಸಾಲಲ್ಲ," ಎಂದು ಅಜ್ಜ ಒಂದು ದಿನ ಆರು ಜನರನ್ನು ಕರೆಸಿ ಎಂಜಿನ್ನನ್ನು ಮನೆಯೊಳಗೆ ಹೊರಿಸಿಕೊಂಡು ಬಂದಿದ್ದ. ಅಮ್ಮ ಮಾರ್ಕೆಟ್ಟಿನಿಂದ ಬಂದು ನೋಡಿದರೆ, ಅದು ಕಿಟಕಿ ಪಕ್ಕದ ಊಟದ ಮೇಜಿನ ಮೇಲೆ ಕೂತಿತ್ತು.

"ಮಾವ, ಇದು ಎಷ್ಟು ದಿನ ಇರುತ್ತೆ?" ಎಂದು ಅಮ್ಮ ಕೇಳಿದ್ದಳು.

"ಎರಡೇ ದಿನ ಕಣಮ್ಮಾ."

ಎರಡು ತಿಂಗಳಾಗಿತ್ತು. ಮೇಜು ಕುಸಿಯಬಾರದೆಂದು ಅಪ್ಪ ಕೆಳಗೆ ಇಟ್ಟಿಗೆ ಪೇರಿಸಿದ್ದ. ಎಲ್ಲರೂ ಎಂಜಿನ್ ಸುತ್ತ ತಟ್ಟೆ ಇಟ್ಟುಕೊಂಡು ಊಟ ಮಾಡುತ್ತಿದ್ದರು. ನೆಂಟರು ಬಂದರೆ ಅಮ್ಮ ಅದರ ಮೇಲೊಂದು ಬೆಡ್‌ಶೀಟ್ ಹೊದಿಸುತ್ತಿದ್ದಳು. ಆಗ ಅದು ಬೆಡ್‌ಶೀಟ್ ಹೊದ್ದು ಕುಕ್ಕರುಗಾಲಲ್ಲಿ ಕೂತ ಮನುಷ್ಯನಂತೆ ಕಾಣುತ್ತಿತ್ತು. ಎದುರುಮನೆಯ ಟೀಚರ್ ಒಮ್ಮೆ ದನಿ ತಗ್ಗಿಸಿ, "ಅವರಿಗೆ ಹುಷಾರಿಲ್ವಾ?" ಎಂದು ಕೇಳಿಬಿಟ್ಟಿದ್ದರು. ಮೂರು ವರ್ಷದ ತಮ್ಮ ಗುಂಡ ಮಾತ್ರ ದಿನಾ ಬೆಳಗ್ಗೆ ಅದಕ್ಕೆ ಗುಡ್ ಮಾರ್ನಿಂಗ್ ಹೇಳುತ್ತಿದ್ದ.

ಇದರಲ್ಲಿ ಸೂಜಿಯ ತಪ್ಪೂ ಸ್ವಲ್ಪ ಇತ್ತು. ಶಾಲೆಯ ಸ್ಪೋರ್ಟ್ಸ್ ಡೇ ದಿನ ಗೆದ್ದವರನ್ನು ಕಾರಿನಲ್ಲಿ ಕೂರಿಸಿ ಮೈದಾನ ಸುತ್ತಿಸಬಹುದು ಎಂದು ಅವಳೇ ಕೈ ಎತ್ತಿ ಹೇಳಿದ್ದಳು. "ನಮ್ಮಜ್ಜನ ಕಾರಿದೆ ಸರ್. ನಿಮಗಿಂತಲೂ ಹಳೇದು!"

ಹೆಡ್‌ಮಾಸ್ಟರ್ ಗಹಗಹಿಸಿ ನಕ್ಕಿದ್ದರು. ಅವತ್ತಿನಿಂದ ದಿನಾ ಗೇಟಿನಲ್ಲಿ ನಿಂತು ಕೇಳುತ್ತಿದ್ದರು: "ಏನಮ್ಮಾ, ನಮ್ಮಣ್ಣ ಹೇಗಿದ್ದಾನೆ?"

"ಇನ್ನೂ ಊಟದ ಮೇಜಿನ ಮೇಲೆ ಇದಾರೆ ಸರ್."

"ಎದೆ ಮುಚ್ಚಿದ್ರಾ?"

"ಇಲ್ಲ ಸರ್, ತೆರೆದೇ ಇದೆ."

ಪಕ್ಕದಲ್ಲಿ ಹೋಗುತ್ತಿದ್ದ ಯಾರದೋ ತಾಯಿ ಇದನ್ನು ಕೇಳಿ ತನ್ನ ಮಗುವಿನ ಕೈ ಹಿಡಿದು ಬೇಗ ಬೇಗ ನಡೆದುಬಿಟ್ಟರು.

ಸ್ಪೋರ್ಟ್ಸ್ ಡೇಗೆ ಇನ್ನು ಮೂರೇ ವಾರ ಉಳಿದಿತ್ತು. ಅಷ್ಟರಲ್ಲಿ ಈ ಜಗಳ.

ಜಗಳ ಬಂದದ್ದು ಪಾರ್ಸಲ್ಲಿನಿಂದ. ಒಂದೇ ದಿನ ಎರಡು ಡಬ್ಬಿ ಬಂದವು. ಒಂದನ್ನು ಅಜ್ಜ ತರಿಸಿದ್ದ, ಇನ್ನೊಂದನ್ನು ಅತ್ತೆ. ಅಜ್ಜ ನಲವತ್ತು ವರ್ಷ ಮೆಕ್ಯಾನಿಕ್ ಆಗಿದ್ದವನು. ಅವನ ಗ್ಯಾರೇಜನ್ನು ಈಗ ನಡೆಸುತ್ತಿರುವವಳು ಮಗಳು, ಅಂದರೆ ಸೂಜಿಯ ಅತ್ತೆ. ಎರಡು ಡಬ್ಬಿಯಲ್ಲೂ ಇದ್ದದ್ದು ಟ್ಯಾಪೆಟ್ ಎಂಬ ಎಂಜಿನ್ನಿನ ಬಿಡಿಭಾಗಗಳೇ, ಎಂಟೆಂಟು. ಆದರೆ ಜಾತಿ ಬೇರೆ.

ಸೂಜಿಗೆ ಅರ್ಥವಾಗಲಿ ಎಂದು ಅತ್ತೆ ಒಂದು ವಾಲ್ವ್ ಎತ್ತಿ ತೋರಿಸಿದ್ದಳು. ಉದ್ದ ಕಾಲಿನ ಕಬ್ಬಿಣದ ಅಣಬೆಯಂತಿತ್ತು ಅದು.

"ಎಂಜಿನ್ನೂ ಉಸಿರಾಡಬೇಕು ಕಣೇ. ಇದು ಅದರ ಬಾಗಿಲು. ಈಗಿನ ಕಾರುಗಳಲ್ಲಿ ಈ ಬಾಗಿಲುಗಳು ಮೇಲಿಂದ ನೇತಾಡ್ತವೆ. ನಮ್ಮದು ಫ್ಲಾಟ್‌ಹೆಡ್, ಮೇಲೆ ಬರೀ ಚಪ್ಪಟೆ ಮುಚ್ಚಳ. ವಾಲ್ವ್‌ಗಳು ಪಕ್ಕದಲ್ಲಿ ಹೀಗೆ ನಿಂತಿರ್ತವೆ, ತಲೆ ಮೇಲೆ, ಬಾಲ ಕೆಳಗೆ. ಬಾಲದ ಕೆಳಗೆ ಟ್ಯಾಪೆಟ್. ಅದು ತಳ್ಳಿದ್ರೆ ಬಾಗಿಲು ತೆರೆಯುತ್ತೆ."

"ಅಂಟಿಕೊಂಡೇ ಇರ್ತವಾ ಎರಡೂ?"

"ಅಲ್ಲೇ ಇರೋದು ಮಜಾ. ಮಧ್ಯೆ ಒಂಚೂರು ಸಂದು ಬೇಕು, ದಪ್ಪ ಕಾಗದದಷ್ಟು. ಬಿಸಿಯಾದ್ರೆ ಕಬ್ಬಿಣ ಉದ್ದ ಆಗುತ್ತೆ. ಸಂದು ಇಲ್ದಿದ್ರೆ ಬಾಗಿಲು ಮುಚ್ಚಲ್ಲ, ವಾಲ್ವ್ ಸುಟ್ಟುಹೋಗುತ್ತೆ. ಸಂದು ಜಾಸ್ತಿಯಾದ್ರೆ ಕಟಕಟ ಅನ್ನುತ್ತೆ, ಬಾಗಿಲು ಪೂರ್ತಿ ತೆರೆಯಲ್ಲ."

ಅಜ್ಜನ ಡಬ್ಬಿಯಲ್ಲಿದ್ದದ್ದು ಹಳೇ ಕಾಲದ ಗಟ್ಟಿ ಟ್ಯಾಪೆಟ್. ಅದು ಇದ್ದಷ್ಟೇ ಉದ್ದ. ಸರಿಯಾದ ಸಂದು ಬರಬೇಕಾದರೆ ವಾಲ್ವಿನ ಬಾಲವನ್ನು ಕೂದಲೆಳೆಯಷ್ಟು ಉಜ್ಜಬೇಕು, ಕೂರಿಸಿ ಅಳೆಯಬೇಕು, ತೆಗೆದು ಮತ್ತೆ ಉಜ್ಜಬೇಕು. ಅತ್ತೆಯ ಟ್ಯಾಪೆಟ್‌ಗಳ ತಲೆಯಲ್ಲಿ ಒಂದು ಪುಟ್ಟ ಸ್ಕ್ರೂ ಇತ್ತು. ತಿರುಗಿಸಿದರೆ ಮೇಲೆ ಬರುತ್ತಿತ್ತು, ಕೆಳಗೆ ಹೋಗುತ್ತಿತ್ತು. ಅಷ್ಟೇ ಕೆಲಸ.

ಮಿಕ್ಕಿದ್ದಕ್ಕೆಲ್ಲ ಇಬ್ಬರಿಗೂ ಒಂದೇ ಮನಸ್ಸು. ಸ್ಪ್ರಿಂಗ್‌ಗಳನ್ನಂತೂ ಅಮ್ಮನ ಅಡುಗೆಮನೆಯ ತಕ್ಕಡಿಯ ಮೇಲೆ ಒಂದೊಂದಾಗಿ ಒತ್ತಿ, ಯಾವುದು ಎಷ್ಟು ಗಟ್ಟಿ ಎಂದು ಒಟ್ಟಿಗೇ ಬರೆದುಕೊಂಡಿದ್ದರು. ತಕ್ಕಡಿ ಆಮೇಲೆ ಒಂದು ಮೊಟ್ಟೆಯನ್ನೂ ಮುಕ್ಕಾಲು ಕಿಲೋ ಎನ್ನತೊಡಗಿತು. ಟ್ಯಾಪೆಟ್ ವಿಷಯಕ್ಕೆ ಬಂದಾಗ ಮಾತ್ರ ಇಬ್ಬರೂ ಪಟ್ಟು ಹಿಡಿದರು.

"ಸ್ಕ್ರೂ ಇದ್ದ ಕಡೆ ಸಡಿಲ ಆಗೇ ಆಗುತ್ತೆ," ಎಂದ ಅಜ್ಜ.

"ಉಜ್ಜೋವಾಗ ಒಂಚೂರು ಜಾಸ್ತಿ ಹೋದ್ರೆ ವಾಲ್ವ್ ಕಸಕ್ಕೆ, ಅಪ್ಪ. ಈ ಎಂಟು ವಾಲ್ವ್ ಸಿಗೋಕೆ ನಾಲ್ಕು ತಿಂಗಳು ಹಿಡೀತು."

"ನನ್ನ ಕೈಯಲ್ಲಿ ಯಾವತ್ತೂ ಜಾಸ್ತಿ ಹೋಗಿಲ್ಲ. ನಿಂಗೆ ಸ್ಪ್ಯಾನರ್ ಹಿಡಿಯೋದು ಕಲಿಸಿದ್ದೇ ನಾನು!"

"ಹೌದು, ಉಲ್ಟಾ ಹಿಡಿಯೋದು ಕಲಿಸಿದ್ರಿ!"

ಅಲ್ಲಿಗೆ ಮಾತು ನಿಂತಿತು.

ಅಜ್ಜ ಉಪ್ಪು ಕೇಳಿದ ಊಟದ ಮರುದಿನ ಸೂಜಿ ಶಾಲೆಯಿಂದ ಬಂದಾಗ ಮನೆಯಲ್ಲಿ ದೊಡ್ಡ ಗದ್ದಲ. ವಾಲ್ವ್‌ಗಳನ್ನು ಅದಲುಬದಲಾಗದಂತೆ ಮೊಟ್ಟೆಯ ಟ್ರೇನಲ್ಲಿ ನಂಬರ್ ಬರೆದು ನಿಲ್ಲಿಸಿದ್ದರು. ಈಗ ಐದನೇ ಗುಳಿ ಖಾಲಿ.

"ಯಾರೋ ತಗೊಂಡಿದಾರೆ," ಎಂದ ಅಜ್ಜ, ಕಿಟಕಿಯ ಕಡೆ ನೋಡುತ್ತ.

ಹುಡುಕಾಟ ಶುರುವಾಯಿತು. ಅಪ್ಪ ಹಿಟ್ಟಿನ ಡಬ್ಬಿ ಜಾಲಾಡಿ ಬೆಳ್ಳಗಾದ. ಅಮ್ಮ ಸೋಫಾದ ಸಂದಿಯಲ್ಲಿ ಕೈ ಹಾಕಿ ಎರಡು ಬಾಚಣಿಗೆ, ಕಳೆದ ವರ್ಷ ಕಳೆದುಹೋದ ಒಂದು ಪರೀಕ್ಷೆಯ ಫಲಿತಾಂಶ ತೆಗೆದಳು. ಸೂಜಿ ಮೆಲ್ಲಗೆ ಅದನ್ನು ಮತ್ತೆ ಒಳಗೆ ತುರುಕಿದಳು.

ಆಮೇಲೆ ಎಲ್ಲರ ಕಣ್ಣೂ ಗುಂಡನ ಮೇಲೆ ಬಿತ್ತು. ಗುಂಡ ಹಿಂದೆ ಎರಡು ಗುಂಡಿ, ಒಂದು ರಬ್ಬರ್ ನುಂಗಿದ್ದವನು.

"ಏಯ್, ವಾಲ್ವ್ ಇಷ್ಟುದ್ದ ಇದೆ. ಅದು ಹೇಗೆ ನುಂಗ್ತಾನೆ?" ಎಂದಳು ಅಮ್ಮ.

"ಅವನನ್ನ ನಂಬೋ ಹಾಗಿಲ್ಲ," ಎಂದ ಅಪ್ಪ.

ಅತ್ತೆ ಗ್ಯಾರೇಜಿನ ದೊಡ್ಡ ಅಯಸ್ಕಾಂತ ತಂದಳು. ಗುಂಡನನ್ನು ಮೇಜಿನ ತುದಿಯಲ್ಲಿ ನಿಲ್ಲಿಸಿ ಅವನ ಹೊಟ್ಟೆಯ ಮೇಲೆ ನಿಧಾನವಾಗಿ ಆಡಿಸಿದಳು. ಗುಂಡ ಕಚಗುಳಿಗೆ ಕಿಲಕಿಲ ನಕ್ಕ. ಇದ್ದಕ್ಕಿದ್ದಂತೆ ಅಯಸ್ಕಾಂತ ಟಪ್ ಎಂದು ಅಂಟಿಕೊಂಡಿತು.

ಅಮ್ಮನ ಜೀವ ಬಾಯಿಗೆ ಬಂತು. "ಅಯ್ಯೋ! ಡಾಕ್ಟರಿಗೆ ಫೋನ್ ಮಾಡ್ರೀ!"

"ಅದು ಚಡ್ಡಿ ಬಕಲ್ಲು ಅಮ್ಮಾ," ಎಂದಳು ಸೂಜಿ.

ಅಜ್ಜ ಮಾತ್ರ ನಗಲಿಲ್ಲ. ಎದ್ದು ಹಿತ್ತಲಿಗೆ ಹೋದ.

ಹೊರಗೆ ಗಾಳಿ ತಣ್ಣಗಿತ್ತು. "ನಿಮ್ಮಜ್ಜನಿಗೆ ಕೋಟು ಕೊಟ್ಟು ಬಾ," ಎಂದಳು ಅಮ್ಮ. ಸೂಜಿ ಅಜ್ಜನ ಕೋಣೆಗೆ ಹೋದಳು. ಮೊಳೆಯಲ್ಲಿ ನೇತಾಡುತ್ತಿದ್ದ ಕೋಟು ಒಂದು ಕಡೆಗೆ ವಾಲಿತ್ತು. ಆ ಕಡೆಯ ಒಳಜೇಬಿಗೆ ಕೈ ಹಾಕಿದರೆ, ಒಂದು ಕಾಲುಚೀಲ. ಕಾಲುಚೀಲದೊಳಗೆ ಐದನೇ ವಾಲ್ವ್.

ಅದರ ಬಾಲದ ತುದಿ ಓರೆಯಾಗಿ ಸವೆದು ನೀಲಿಗಟ್ಟಿತ್ತು. ಉಜ್ಜುವ ಚಕ್ರಕ್ಕೆ ತುಂಬ ಹೊತ್ತು ಹಿಡಿದರೆ ಕಬ್ಬಿಣ ಹಾಗಾಗುತ್ತದೆ ಎಂದು ಸೂಜಿಗೆ ಗೊತ್ತಿತ್ತು. ಹೇಳಿಕೊಟ್ಟವನು ಅಜ್ಜನೇ. ವಾಲ್ವ್ ಮಿಕ್ಕವುಗಳಿಗಿಂತ ಗಿಡ್ಡವಾಗಿದೆ ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಕೂದಲೆಳೆಯಷ್ಟಲ್ಲ, ಉಗುರಿನ ದಪ್ಪದಷ್ಟು.

ಬಾಗಿಲಲ್ಲಿ ಅಜ್ಜ ನಿಂತಿದ್ದ.

ಅವನ ಕಣ್ಣು ಅವಳ ಕೈಯಲ್ಲಿದ್ದ ಕಾಲುಚೀಲದ ಮೇಲಿತ್ತು.

"ಅದು ನನ್ನ ಕಾಲುಚೀಲ," ಎಂದ ಅಜ್ಜ.

"ಹೌದಜ್ಜ."

"ಚಳಿಗಾಲದ್ದು. ಅದಕ್ಕೇ ಸ್ವಲ್ಪ ಭಾರ."

"ಇನ್ನೊಂದೆಲ್ಲಿ?"

"ಒಗೆಯೋಕೆ ಹಾಕಿದೀನಿ."

ಸೂಜಿ ಕಾಲುಚೀಲವನ್ನು ಜೇಬಿಗೆ ಹಾಕಿ ಕೋಟನ್ನು ಅಜ್ಜನ ಕೈಗೆ ಕೊಟ್ಟಳು. ಅಜ್ಜ ತೋಳಿಗೆ ಕೈ ಹಾಕಲು ಹೋಗಿ ಎರಡು ಸಲ ತಪ್ಪಿದ. ಮೂರನೇ ಸಲ ಸೂಜಿ ತೋಳನ್ನು ಹಿಡಿದುಕೊಂಡಳು.

ಅವತ್ತು ಹೋಮ್‌ವರ್ಕ್ ತಲೆಗೆ ಹತ್ತಲಿಲ್ಲ. ಸೂಜಿ ಅತ್ತೆಯ ಹತ್ತಿರ ಹೋಗಿ ಕೂತಳು. ಅತ್ತೆ ಗೈಡ್‌ಗಳಿಗೆ, ಅಂದರೆ ವಾಲ್ವ್‌ಗಳು ಮೇಲೆ ಕೆಳಗೆ ಜಾರುವ ಕೊಳವೆಗಳಿಗೆ, ಎಣ್ಣೆ ಹಚ್ಚುತ್ತಿದ್ದಳು.

"ಅತ್ತೆ, ಸುಮ್ನೆ ಕೇಳ್ತೀನಿ. ಒಂದು ವಾಲ್ವ್ ಗಿಡ್ಡ ಇದ್ರೆ ಏನ್ಮಾಡ್ತಾರೆ?"

"ಗಟ್ಟಿ ಟ್ಯಾಪೆಟ್ ಆದ್ರೆ ಎಸೀತಾರೆ. ಉಜ್ಜಿದ್ದನ್ನ ಮತ್ತೆ ಬೆಳೆಸೋಕಾಗಲ್ವಲ್ಲ."

"ಸ್ಕ್ರೂ ಇರೋದಾದ್ರೆ?"

"ಸ್ಕ್ರೂ ಸ್ವಲ್ಪ ಮೇಲೆತ್ತಿದ್ರೆ ಆಯ್ತು. ಸಂದು ಸರಿಹೋಗುತ್ತೆ." ಅತ್ತೆ ಎಣ್ಣೆಯ ಬೆರಳು ಗಾಳಿಯಲ್ಲೇ ನಿಲ್ಲಿಸಿ ಅವಳನ್ನು ನೋಡಿದಳು. "ಯಾಕೆ?"

"ಸುಮ್ನೆ," ಎಂದು ಸೂಜಿ ಓಡಿದಳು.

ಭಾನುವಾರ ಅಪ್ಪ ಎದ್ದು ನಿಂತ. ಅಪ್ಪನದು ಕಚೇರಿ ಕೆಲಸ. ಅವನಿಗೆ ಎಲ್ಲವೂ ನಿಯಮದ ಪ್ರಕಾರ ಆಗಬೇಕು. "ಇವತ್ತು ಓಟಿಂಗ್," ಎಂದು ಘೋಷಿಸಿ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟ. ಬಿಸ್ಕತ್ ಡಬ್ಬಿಯನ್ನು ಎಂಜಿನ್ ಮೇಲೆ ಇಟ್ಟ. ಒಬ್ಬೊಬ್ಬರೂ ಬಾಗಿಲ ಪರದೆಯ ಹಿಂದೆ ಹೋಗಿ ಬರೆದು ಬರಬೇಕು. ಅಜ್ಜನ ಕಾಲು, ಅತ್ತೆಯ ಕಾಲು ಪರದೆಯ ಕೆಳಗೆ ಕಾಣುತ್ತಿದ್ದವು. ಗುಟ್ಟು ಎಂದರೆ ಅಷ್ಟೇ ಗುಟ್ಟು.

ಅಪ್ಪ ಗಂಟಲು ಸರಿಮಾಡಿಕೊಂಡು ಚೀಟಿ ಬಿಚ್ಚಿದ.

"ಗಟ್ಟಿ, ಒಂದು. ಸ್ಕ್ರೂ, ಒಂದು. ಮೂರನೇದು..." ಅಪ್ಪ ಓದಿ ಅಮ್ಮನ ಮುಖ ನೋಡಿದ. "'ನನ್ನ ಮೇಜು ನನಗೆ ವಾಪಸ್ ಕೊಡಿ.' ಇದು ಅಸಿಂಧು."

"ನಂದೇ ಸರಿಯಾದ ಓಟು," ಎಂದಳು ಅಮ್ಮ.

ನಾಲ್ಕನೆಯದು ಗುಂಡನದು. ಅದರಲ್ಲಿ ಒಂದು ಬಾತುಕೋಳಿ ಇತ್ತು. ಬಾತುಕೋಳಿಯ ಬಾಲ ಸ್ಕ್ರೂನಂತಿದೆ ಎಂದಳು ಅತ್ತೆ. ಗಟ್ಟಿಯಾಗಿ ನಿಂತಿದೆಯಲ್ಲ ಎಂದ ಅಜ್ಜ. ಹತ್ತು ನಿಮಿಷ ಚರ್ಚೆಯಾಗಿ ಅದೂ ಅಸಿಂಧುವಾಯಿತು. ಅಪ್ಪ ತಾನು ಚುನಾವಣಾಧಿಕಾರಿ, ಓಟು ಹಾಕುವಂತಿಲ್ಲ ಎಂದು ಜಾರಿಕೊಂಡ.

ಕೊನೆಯ ಚೀಟಿ ಖಾಲಿ ಇತ್ತು.

"ಸೂಜಿ, ಇದು ನಿಂದು. ಏನೂ ಬರೆದಿಲ್ವಲ್ಲ? ಈಗ ಬಾಯಲ್ಲೇ ಹೇಳು," ಎಂದ ಅಪ್ಪ.

ಎಲ್ಲರೂ ಅವಳ ಕಡೆ ತಿರುಗಿದರು. ಅಜ್ಜ ಕಣ್ಣು ಮಿಟುಕಿಸಿದ. ಅವಳು ಯಾವಾಗಲೂ ಅಜ್ಜನ ಪಕ್ಷವೇ. ಈ ಸಲ ಸೂಜಿ ಬೇರೆ ಹೇಳಬೇಕಾಗಿತ್ತು. ಕಾರಣ ಹೇಳುವಂತಿಲ್ಲ. ಹೇಳದಿದ್ದರೆ ಅಜ್ಜನಿಗೆ ಬೇಜಾರಾಗುತ್ತದೆ.

"ಸ್ಕ್ರೂ," ಎಂದಳು, ನೆಲ ನೋಡುತ್ತ.

ಅತ್ತೆ ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ಹಾಗೇ ಇಳಿಸಿದಳು. ಅಜ್ಜ ತನ್ನ ಡಬ್ಬಿಯ ಮುಚ್ಚಳ ಮುಚ್ಚಿದ.

"ನೀನೂನಾ?" ಎಂದಷ್ಟೇ ಹೇಳಿ ಶೆಡ್ಡಿಗೆ ನಡೆದ.

ಸೂಜಿ ಹಿಂದೆಯೇ ಹೋದಳು. ಅಜ್ಜ ಎಂಜಿನ್ ಇಲ್ಲದ ಕಾರಿನಲ್ಲಿ ಸ್ಟಿಯರಿಂಗ್ ಹಿಡಿದು ಕೂತಿದ್ದ. ಸೂಜಿ ಪಕ್ಕದ ಸೀಟಿಗೆ ಹತ್ತಿದಳು.

"ಅಜ್ಜ, ಆ ಕಾಲುಚೀಲ..."

ಅಜ್ಜ ಸ್ಟಿಯರಿಂಗಿನ ಧೂಳನ್ನು ಬೆರಳಿನಿಂದ ಒರೆಸಿದ.

"ಸ್ಕ್ರೂ ಟ್ಯಾಪೆಟ್ ಹಾಕಿದ್ರೆ ಗಿಡ್ಡ ಇದ್ರೂ ನಡೆಯುತ್ತಂತೆ. ಎಸೀಬೇಕಾಗಿಲ್ವಂತೆ. ಅದಕ್ಕೇ ಹಾಗೆ ಹೇಳ್ದೆ."

ಅಜ್ಜ ಗಾಜಿನಾಚೆ ಶೆಡ್ಡಿನ ಗೋಡೆಯನ್ನು ನೋಡುತ್ತಿದ್ದ, ಎದುರಿಗೆ ರಸ್ತೆಯಿದೆಯೇನೋ ಎಂಬಂತೆ. "ಯಾರಿಗಾದ್ರೂ ಹೇಳ್ದ್ಯಾ?" ಎಂದು ಕೇಳಿದ.

"ಇಲ್ಲ."

"ಚಕ್ರಕ್ಕೆ ಹಿಡಿದಿದ್ದೆ. ಇನ್ನೂ ತಾಗಿಲ್ಲ, ಇನ್ನೂ ತಾಗಿಲ್ಲ ಅಂದ್ಕೊಂಡೇ ಒತ್ತಿದೆ ಮಗಾ," ಎಂದ ಅಜ್ಜ.

ಸೋಮವಾರ ಬೆಳಗ್ಗೆ ಟ್ರೇಯ ಐದನೇ ಗುಳಿಯಲ್ಲಿ ವಾಲ್ವ್ ನಿಂತಿತ್ತು. ಅತ್ತೆ ಅದನ್ನು ಎತ್ತಿ ಬಾಲ ನೋಡಿದಳು. ಅಜ್ಜನನ್ನು ನೋಡಿದಳು. ಆಮೇಲೆ ಸೂಜಿಯನ್ನು ನೋಡಿದಳು. ಸೂಜಿ ಮುಖವನ್ನೆಲ್ಲ ಹಾಲಿನ ಲೋಟದೊಳಗೆ ಇಟ್ಟುಕೊಂಡಳು.

"ಐದನೇದು ಸಿಕ್ತಾ ಅಪ್ಪ?" ಎಂದು ಅತ್ತೆ ನೇರವಾಗಿ ಕೇಳಿದಳು.

"ಸಿಕ್ತು."

"ಒಳ್ಳೇದಾಯ್ತು. ತುದಿ ಸ್ವಲ್ಪ ಸಮ ಮಾಡ್ಕೊಂಡು ಬರ್ತೀನಿ," ಎಂದು ಅದನ್ನು ಕರವಸ್ತ್ರದಲ್ಲಿ ಸುತ್ತಿ ಗ್ಯಾರೇಜಿಗೆ ಒಯ್ದಳು. ಎಲ್ಲಿ ಸಿಕ್ತು, ಹೇಗೆ ಸಿಕ್ತು, ಒಂದನ್ನೂ ಕೇಳಲಿಲ್ಲ.

ಆ ವಾರ ಸಂಜೆಗಳಲ್ಲಿ ಸಂದು ಅಳೆಯುವ ಕೆಲಸ ನಡೆಯಿತು. ಅದಕ್ಕೆ ಫೀಲರ್ ಗೇಜ್ ಎಂಬ ಸಾಮಾನು. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ತೆಳು ಉಕ್ಕಿನ ಎಲೆಗಳು, ಪ್ರತಿ ಎಲೆಯ ಮೇಲೂ ಅದರ ದಪ್ಪ ಹೇಳುವ, ಇರುವೆಯ ಕಾಲಿನಷ್ಟು ಚಿಕ್ಕ ನಂಬರು. ಅಜ್ಜ ಒಂದು ಎಲೆ ಆರಿಸಿ ಕಿಟಕಿಗೆ ಹಿಡಿದ, ದೂರ ಮಾಡಿದ, ಹತ್ತಿರ ತಂದ.

"ಹನ್ನೆರಡು," ಎಂದ.

ಅದು ಹದಿನೈದಾಗಿತ್ತು.

ಸೂಜಿ ನಾಲಿಗೆ ಕಚ್ಚಿಕೊಂಡಳು. "ಅಜ್ಜ, ನಂಬರ್ ನಾನು ಓದ್ಲಾ? ನಂಗೆ ಪ್ರ್ಯಾಕ್ಟೀಸ್ ಆಗುತ್ತೆ."

ಅಜ್ಜ ಅವಳನ್ನೇ ನೋಡಿದ. "ಹೂಂ, ಓದು," ಎಂದು ಗೇಜನ್ನು ಕೊಟ್ಟ.

ಸೂಜಿ ಹನ್ನೆರಡನೇ ನಂಬರಿನ ಎಲೆ ಹುಡುಕಿ ಕೊಟ್ಟಳು. ಅಜ್ಜ ಅದನ್ನು ಬಾಲಕ್ಕೂ ಟ್ಯಾಪೆಟ್ಟಿಗೂ ನಡುವೆ ತೂರಿಸಿ ಕಣ್ಣು ಮುಚ್ಚಿದ. ಎಲೆಯನ್ನು ಹಿಂದೆ ಮುಂದೆ ಎಳೆದ. "ಬಿಗಿ." ಸ್ಕ್ರೂ ತುಸು ಇಳಿಸಿದ. "ಇನ್ನೂ ಬಿಗಿ. ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಬರಬೇಕು ಮಗಾ... ಹಾಂ. ಈಗ ನೋಡು." ಸೂಜಿ ಎಳೆದು ನೋಡಿದಳು. ನಿಜವಾಗಿಯೂ ಬೆಣ್ಣೆಯೇ. ಅತ್ತೆ ಆಮೇಲೆ ಬಂದು ಎಂಟನ್ನೂ ಪರೀಕ್ಷೆ ಮಾಡಿದಳು. ಒಂದನ್ನೂ ಮುಟ್ಟಬೇಕಾಗಲಿಲ್ಲ.

ಐದನೆಯದರ ಸ್ಕ್ರೂ ಮಾತ್ರ ಎಲ್ಲಕ್ಕಿಂತ ಎತ್ತರಕ್ಕೆ ಬಂದಿತ್ತು.

"ಇದೊಂದು ಗಿಡ್ಡ," ಎಂದು ಅಜ್ಜ ಗೊಣಗಿದ.

"ನಮ್ಮ ಕ್ಲಾಸಲ್ಲೂ ಒಬ್ಬ ಇದಾನೆ. ಸ್ಟೂಲ್ ಹಾಕಿದ್ರೆ ಬೋರ್ಡ್ ಸಿಗುತ್ತೆ."

ಅಜ್ಜ ಎಷ್ಟೋ ದಿನದ ಮೇಲೆ ಹೊಟ್ಟೆ ಹಿಡಿದು ನಕ್ಕ.

ಸ್ಪೋರ್ಟ್ಸ್ ಡೇಗೆ ನಾಲ್ಕು ದಿನ ಮೊದಲು ಅದೇ ಆರು ಜನ ಬಂದು ಎಂಜಿನ್ ಹೊತ್ತುಕೊಂಡು ಹೋದರು. ಅಮ್ಮ ಖಾಲಿ ಮೇಜಿನ ಮುಂದೆ ಸುಮ್ಮನೆ ನಿಂತಳು. "ಮನೆ ಬಿಕೋ ಅನ್ನುತ್ತಲ್ಲಾ," ಎಂದು ಕೊನೆಗೆ ಒಂದು ಹೂಕುಂಡ ತಂದು ಇಟ್ಟಳು. ಗುಂಡ ಹೂಕುಂಡಕ್ಕೆ ಗುಡ್ ಮಾರ್ನಿಂಗ್ ಹೇಳಲು ಒಪ್ಪಲಿಲ್ಲ. ಎಂಜಿನ್ ಮೊದಲ ಸಲ ಕೆಮ್ಮಿತು, ಎರಡನೇ ಸಲ ಸೀನಿತು, ಮೂರನೇ ಸಲ ಹೊಲಿಗೆ ಮೆಷಿನ್ನಿನಂತೆ ಸಣ್ಣಗೆ ಓಡತೊಡಗಿತು. ಕಟಕಟ ಇರಲಿಲ್ಲ.

ಸ್ಪೋರ್ಟ್ಸ್ ಡೇ ಬೆಳಗ್ಗೆ ಕಾರು ಗೇಟಿನ ಹೊರಗೆ ಫಳಫಳ ಹೊಳೆಯುತ್ತ ನಿಂತಿತ್ತು. ಸೂಜಿ ಹಿಂದಿನ ಸೀಟಿನ ನಡುವೆ ಕೂತಳು. ಅಜ್ಜ ಇಸ್ತ್ರಿ ಮಾಡಿದ ಅಂಗಿ ಹಾಕಿ, ತಲೆ ಬಾಚಿ ಬಂದ. ಸ್ಟಿಯರಿಂಗ್ ಕಡೆಯ ಬಾಗಿಲು ತೆರೆದ. ಒಂದು ಕಾಲು ಒಳಗಿಟ್ಟ.

ಹಾಗೇ ನಿಂತ. ಬೀದಿಯ ತುದಿಯವರೆಗೆ ನೋಡಿದ. ಅಲ್ಲಿ ಮಕ್ಕಳು ಗುಂಪು ಗುಂಪಾಗಿ ಶಾಲೆಗೆ ಹೋಗುತ್ತಿದ್ದರು, ಬಣ್ಣ ಬಣ್ಣದ ಟೀ ಶರ್ಟುಗಳು. ಅಜ್ಜ ಕಣ್ಣು ಕಿರಿದು ಮಾಡಿ ನೋಡಿದ. ಕನ್ನಡಕ ಒರೆಸಿ ಮತ್ತೆ ನೋಡಿದ.

ಆಮೇಲೆ ಕಾಲು ಹೊರಗೆ ತೆಗೆದು ಅತ್ತೆಯ ಕಡೆ ತಿರುಗಿದ.

"ನೀನು ಕೂತ್ಕೊ," ಎಂದ. "ಕ್ಲಚ್ ಮೆತ್ತಗೆ ಬಿಡು."

ಅತ್ತೆ ಸ್ಟಿಯರಿಂಗ್ ಹಿಂದೆ ಕೂತಳು. ಅಜ್ಜ ಕಾರನ್ನು ಸುತ್ತಿ ಬಂದು, ಆ ಕಡೆಯ ಬಾಗಿಲು ತೆರೆದು ಕೂತು, ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡ.

ಕಾರು ಹೊರಟಿತು. ಬೇಕರಿಯ ತಿರುವಿನಲ್ಲಿ ಒಬ್ಬ ಸೈಕಲ್ಲಿನವನು ಅಡ್ಡ ಬಂದ. ಅತ್ತೆ ನಿಧಾನ ಮಾಡಿದಳು. ಮುಂದಿನ ಎರಡು ಸೀಟುಗಳ ನಡುವಿನಿಂದ ಸೂಜಿಗೆ ಅಜ್ಜನ ಕಾಲು ಕಂಡಿತು. ಪಾಲಿಶ್ ಮಾಡಿದ ಬಲಗಾಲಿನ ಶೂ ಬರೀ ನೆಲವನ್ನು ಒತ್ತಿ ಹಿಡಿದಿತ್ತು, ಅಲ್ಲೊಂದು ಬ್ರೇಕ್ ಇದೆಯೇನೋ ಎಂಬಂತೆ. ಕಾರು ನಿಂತಾಗ ಅಜ್ಜ ಮೆಲ್ಲಗೆ ಕಾಲು ಸಡಿಲ ಬಿಟ್ಟ.

ಸೂಜಿ ಸೀಟಿನ ತುದಿಗೆ ಸರಿದು ಕೂತಳು.

ಮುಂದಿನ ತಿರುವು ಬಂದಾಗ ಅವಳೂ ತನ್ನ ಬಲಗಾಲನ್ನು ಗಟ್ಟಿಯಾಗಿ ನೆಲಕ್ಕೆ ಒತ್ತಿದಳು.